ಹೊಣೆಯಲ್ಲಿ ಪಾಲು

ಹನ್ನೊಂದು ವರ್ಷ ಅವಳು ವಿಮಾನ ನಿಲ್ದಾಣದಲ್ಲಿ ಗಾಲಿ ಕುರ್ಚಿ ತಳ್ಳಿದಳು. ಒಂದು ದಿನವೂ ಅದರಲ್ಲಿ ಕೂರಲಿಲ್ಲ. ಕೂರಬಾರದೆಂದು ನಿಯಮವಿತ್ತು. ಪ್ರಯಾಣಿಕರ ಆಸನಗಳು ಸಾಲುಸಾಲಾಗಿ ಖಾಲಿ ಬಿದ್ದಿದ್ದರೂ ಸಮವಸ್ತ್ರ ತೊಟ್ಟವರು ಗೋಡೆ ಪಕ್ಕ ನಿಲ್ಲಬೇಕು. ಆಮೇಲೆ ಗೋಡೆಗೂ ಒರಗಬಾರದೆಂದು ಹೊಸ ಸೂಚನೆ ಬಂತು. ಬೆನ್ನಿನ ಬೆವರು ಬಣ್ಣಕ್ಕೆ ಹತ್ತುತ್ತದಂತೆ.

ನೀರು ಕುಡಿಯುವುದನ್ನೂ ಅವಳು ಅಲ್ಲೇ ಮರೆತಳು. ಕಣ್ಣೆದುರಿಗೇ ತೊಳೆದಿಟ್ಟ ಶೌಚಾಲಯವಿತ್ತು, ಅದು ಪ್ರಯಾಣಿಕರದು. ಕೆಲಸದವರದ್ದು ಸಾಮಾನು ಇಳಿಸುವ ನೆಲಮಾಳಿಗೆಯ ಆಚೆ. ಹೋಗಿ ಬರಲು ಹನ್ನೆರಡು ನಿಮಿಷ ಬೇಕು, ಬಿಡುವು ಐದು ನಿಮಿಷ. ಹಾಗಾಗಿ ಬೆಳಿಗ್ಗೆ ಒಂದು ಲೋಟ, ಪಾಳಿ ಮುಗಿದ ಮೇಲೆ ಒಂದು ಲೋಟ. ನಡುವೆ ಬಾಯಿ ಒಣಗಿದರೆ ಉಗುಳು ನುಂಗುವುದು.

ಎಲ್ಲರೂ ಅವಳನ್ನು ಗಾಲಿಯಕ್ಕ ಎನ್ನುತ್ತಿದ್ದರು. ಅವಳಿಗೆ ಜೋಡಿಯಾಗಿ ಕೆಲಸ ಮಾಡುತ್ತಿದ್ದವನು ಐವತ್ತಾರರ ಒಬ್ಬ ಮುದಿಮನುಷ್ಯ. ಅವನನ್ನು ಎಲ್ಲರೂ ಮಾವ ಎಂದು ಕರೆಯುತ್ತಿದ್ದರು. ಸೊಂಟ ಹಿಡಿದು ವರ್ಷಕ್ಕೆ ನಾಲ್ಕು ಸಲ ಮಲಗುತ್ತಿದ್ದ, ನಾಲ್ಕು ಸಲವೂ ಮೂರನೇ ದಿನಕ್ಕೆ ಎದ್ದು ಬರುತ್ತಿದ್ದ. ಇನ್ನೆರಡು ವರ್ಷ ಎಳೆದರೆ ಸಾಕು, ಆಮೇಲೆ ನನ್ನನ್ನೇ ಯಾರಾದರೂ ತಳ್ಳಿಕೊಂಡು ಹೋಗಲಿ ಎನ್ನುತ್ತಿದ್ದ. ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೆ ಉಳಿದವರು ಒಂಟೆತ್ತು.

ಅವರಿಬ್ಬರೂ ದುಡಿಯುತ್ತಿದ್ದ ಕಂಪನಿಯ ವಿಮಾನಗಳು ನಿಲ್ದಾಣದ ಬಾಗಿಲಿಗೆ ಅಂಟಿಕೊಂಡು ನಿಲ್ಲುವುದಿಲ್ಲ. ದೂರದ ಬಯಲಲ್ಲಿ ನಿಲ್ಲುತ್ತವೆ. ಅಲ್ಲಿ ಬಾಡಿಗೆ ಕಡಿಮೆ. ಪ್ರಯಾಣಿಕರು ಮೆಟ್ಟಿಲ ಗಾಡಿಯಲ್ಲಿ ಇಳಿದು ಬಸ್ಸು ಹತ್ತಬೇಕು. ನಡೆಯಲಾಗದವರನ್ನು ಕುರ್ಚಿ ಸಮೇತ ನೆಲಕ್ಕಿಳಿಸಲು ಒಂದು ಲಿಫ್ಟ್ ಗಾಡಿ ಇತ್ತು. ಅದು ಕೆಟ್ಟು ಒಂಬತ್ತು ದಿನವಾಗಿತ್ತು. ರಿಪೇರಿಯಾಗುವವರೆಗೆ ಕೈಯಲ್ಲೇ ಹೊತ್ತು ಇಳಿಸಿ ಎಂದು ಸೂಪರ್‌ವೈಸರ್ ಹೇಳಿದ್ದ. ಹೊತ್ತು ಇಳಿಸುವುದಕ್ಕೆ ಬೇರೆ ಕುರ್ಚಿ. ವಿಮಾನದ ಒಳದಾರಿಯಲ್ಲಿ ತೂರುವಷ್ಟು ಇಕ್ಕಟ್ಟಿನದು, ಕೈಯಾಸರೆ ಇಲ್ಲದ್ದು, ಎದೆಗೊಂದು ಸೊಂಟಕ್ಕೊಂದು ಬೆಲ್ಟು ಇರುವಂಥದ್ದು. ಸೊಂಟದ ಬೆಲ್ಟಿನ ಬಕಲ್ಲು ಸವೆದಿತ್ತು. ಒತ್ತಿದರೆ ಟಕ್ಕೆಂದು ಕೂರುತ್ತಿತ್ತು, ತೂಕ ಬಿದ್ದರೆ ಬಿಚ್ಚಿಕೊಳ್ಳುತ್ತಿತ್ತು. ಎದೆಯ ಬೆಲ್ಟು ಎಂದೋ ಹೋಗಿತ್ತು. ದೂರಿನ ಪುಸ್ತಕದಲ್ಲಿ ಗಾಲಿಯಕ್ಕ ಮೂರು ಸಲ ಬರೆದಿದ್ದಳು. ಮೂರನೇ ಸಲ ಸೂಪರ್‌ವೈಸರ್ ಓದಿ, ನಿನ್ನ ಅಕ್ಷರ ಚೆನ್ನಾಗಿದೆ ಎಂದಿದ್ದ.

ಆ ದಿನ ಮಧ್ಯಾಹ್ನ ಒಂದು ಗಂಟೆಗೆ ವಿಮಾನ ಬಂತು. ಕಾಂಕ್ರೀಟು ಕಾದು ಬೂಟಿನ ಅಟ್ಟೆ ಅಂಟುತ್ತಿತ್ತು. ಎಲ್ಲರೂ ಇಳಿದ ಮೇಲೆ ಒಬ್ಬ ಮುದುಕಿ ಉಳಿದಿದ್ದಳು. ಜೀವಮಾನವಿಡೀ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದವಳು. ಮೆಷಿನ್ನು ತುಳಿದು ತುಳಿದು ಎರಡೂ ಮಂಡಿ ಹೋಗಿದ್ದವು. ಕಾಯಿಲೆ ಬಿದ್ದ ಅಕ್ಕನನ್ನು ನೋಡಿಕೊಂಡು ಊರಿಗೆ ವಾಪಸ್ ಬಂದಿದ್ದಳು. ವಿಮಾನ ಹತ್ತಿದ್ದು ಅದೇ ಮೊದಲು. ಇದನ್ನೆಲ್ಲ ಅವಳು ಕುರ್ಚಿಗೆ ಕೂರಿಸುವಷ್ಟರಲ್ಲೇ ಹೇಳಿ ಮುಗಿಸಿದಳು. ಗಾಲಿಯಕ್ಕನ ಕಾಲರನ್ನು ಬೆರಳಲ್ಲಿ ಮುಟ್ಟಿ, ಇದನ್ನು ಯಾರೋ ಅವಸರದಲ್ಲಿ ಹೊಲಿದಿದ್ದಾರೆ ಎಂದಳು.

ಗಾಲಿಯಕ್ಕ ಬಕಲ್ಲು ಒತ್ತಿದಳು. ಕೂತಿತು. ಎಳೆದು ನೋಡಿದಳು. ಬಿಚ್ಚಿತು. ಮತ್ತೆ ಒತ್ತಿದಳು. ಬಾಗಿಲಲ್ಲಿ ನಿಂತಿದ್ದ ಸೂಪರ್‌ವೈಸರಿಗೆ ಇದು ಆಗುವುದಿಲ್ಲ, ಬೇರೆ ಕುರ್ಚಿ ತರಿಸಿ ಎಂದು ಹೇಳಿದಳು. ಅವನು ಗಡಿಯಾರ ನೋಡಿದ. ಇಪ್ಪತ್ತೈದು ನಿಮಿಷಕ್ಕೆ ಇದೇ ವಿಮಾನ ಮತ್ತೆ ಹಾರಬೇಕಿತ್ತು. ಕೆಳಗೆ ಹೊಸ ಪ್ರಯಾಣಿಕರ ಬಸ್ಸು ಬಂದು ನಿಂತಾಗಿತ್ತು.

"ದಿನಾ ಇದರಲ್ಲೇ ಇಳಿಸ್ತಿಲ್ವಾ? ಇವತ್ತೇನು ಹೊಸ ರಾಗ? ಎತ್ತಿ."

ಎತ್ತಿದರು. ಮಾವ ಕೆಳಗಿನಿಂದ ಕುರ್ಚಿಯ ಕಾಲು ಹಿಡಿದು ಹಿಂದುಹಿಂದಾಗಿ ಇಳಿಯತೊಡಗಿದ. ಗಾಲಿಯಕ್ಕ ಮೇಲಿನಿಂದ ಹಿಡಿಕೆ ಹಿಡಿದಳು. ಮುದುಕಿ ಕಣ್ಣು ಮುಚ್ಚಿಕೊಂಡು ಎರಡು ಕೈಯಿಂದ ಸೀಟಿನ ಅಂಚು ಹಿಡಿದಿದ್ದಳು.

"ಭಾರ ಆಗ್ತಿದೀನಾ ಮಗಳೇ?"

"ಇಲ್ಲಮ್ಮ. ನೀವು ಉಸಿರಾಡ್ತಾ ಇರಿ ಸಾಕು."

ಏಳನೇ ಮೆಟ್ಟಿಲಲ್ಲಿ ಬಕಲ್ಲು ಬಿಚ್ಚಿತು. ಟಕ್ಕೆಂದ ಸದ್ದು ಗಾಲಿಯಕ್ಕನಿಗೆ ಕೇಳಿಸಿತು. ಮುದುಕಿ ಚೀಲ ಜಾರುವಂತೆ ಮುಂದಕ್ಕೆ ಜಾರಿದಳು. ಗಾಲಿಯಕ್ಕ ಎಡಗೈಯಲ್ಲಿ ಹಿಡಿಕೆ ಬಿಗಿಹಿಡಿದು ಬಲಗೈ ಮುಂದೆ ಚಾಚಿ ಅವಳ ಕಂಕುಳಿಗೆ ಕೈ ಹಾಕಿದಳು. ಆ ಅಷ್ಟೂ ತೂಕ ಒಂದೇ ತೋಳಿಗೆ ಬಿತ್ತು. ಭುಜದೊಳಗೆ ಏನೋ ಕಿತ್ತು ಬಂತು. ಬೆರಳುಗಳು ತಾವಾಗಿಯೇ ತೆರೆದುಕೊಂಡವು. ಮುದುಕಿ ಮಾವನ ಮೇಲೆ ಬಿದ್ದಳು, ಮಾವ ಪಕ್ಕದ ಕಂಬಿಗೆ ಬಿದ್ದ, ಅಲ್ಲಿಂದ ಅವಳು ನಾಲ್ಕು ಮೆಟ್ಟಿಲು ಉರುಳಿ ನೆಲಕ್ಕೆ ಬಿದ್ದಳು. ಕೂಗಲೂ ಇಲ್ಲ. ಕಾದ ಕಾಂಕ್ರೀಟಿನ ಮೇಲೆ ಕಾಲು ಒಂದು ಕಡೆ, ಸೊಂಟ ಒಂದು ಕಡೆ ತಿರುಗಿಕೊಂಡು ಬಿದ್ದಿದ್ದಳು. ಸೀರೆ ಮೊಣಕಾಲ ಮೇಲೆ ಸರಿದಿತ್ತು. ಗಾಲಿಯಕ್ಕ ಓಡಿ ಇಳಿದು ಮೊದಲು ಸೀರೆ ಎಳೆದಳು. ಎಳೆದದ್ದು ಎಡಗೈಯಲ್ಲಿ. ಬಲಗೈ ಏಳಲಿಲ್ಲ.

ಮುದುಕಿಗೆ ಆಂಬುಲೆನ್ಸ್ ಬಂತು. ಗಾಲಿಯಕ್ಕನೂ ಹತ್ತಲು ಹೋದಾಗ, ಇದು ಪ್ರಯಾಣಿಕರಿಗೆ ಎಂದರು. ಕೆಲಸದವರ ಆಸ್ಪತ್ರೆ ಹೊರಗೇಟಿನಿಂದ ಎರಡು ಸ್ಟಾಪು. ಅವಳು ನೇತಾಡುವ ತೋಳನ್ನು ಇನ್ನೊಂದು ಕೈಯಲ್ಲಿ ಕೂಸಿನ ಹಾಗೆ ಎತ್ತಿಕೊಂಡು ಬಸ್ಸಿನಲ್ಲಿ ನಿಂತು ಹೋದಳು. ವಿಮಾನ ಹೊತ್ತಿಗೆ ಸರಿಯಾಗಿ ಹಾರಿತು.

ಭುಜ ಕೂರಿಸಿದರು. ಆದರೆ ಒಳಗೆ ನರವೋ ಸ್ನಾಯುವೋ ಹರಿದಿತ್ತು. ತೋಳು ಎದೆಮಟ್ಟಕ್ಕಿಂತ ಮೇಲೆ ಹೋಗುವುದಿಲ್ಲ, ಇನ್ನು ಹೀಗೇ ಎಂದು ಡಾಕ್ಟರು ಚೀಟಿ ನೋಡುತ್ತಲೇ ಹೇಳಿದರು. ಮನೆಯಲ್ಲಿ ಹತ್ತನೇ ತರಗತಿಯ ಮಗಳು ಅವಳ ತಲೆ ಬಾಚತೊಡಗಿದಳು, ರವಿಕೆಯ ಗುಂಡಿ ಹಾಕತೊಡಗಿದಳು. ಗಂಡ ಎತ್ತರದ ಕಟ್ಟಡಗಳಿಗೆ ಹಗ್ಗದಲ್ಲಿ ನೇತಾಡಿ ಬಣ್ಣ ಬಳಿಯುವವನು. ಮಾತು ಕಡಿಮೆ. ಸಂಜೆ ಬಂದು ಅವಳ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದ. ಅವನ ಅಂಗೈ ಮರಳು ಕಾಗದದ ಹಾಗಿತ್ತು. ನೋಯುತ್ತಿತ್ತು, ಆದರೂ ಅವಳು ಸಾಕು ಎನ್ನುತ್ತಿರಲಿಲ್ಲ.

ಹತ್ತನೇ ದಿನ ಆಫೀಸಿನಿಂದ ಕರೆ ಬಂತು.

ಗಾಜಿನ ಗೋಡೆಯ ಕೋಣೆ. ಉದ್ದನೆಯ ಮೇಜು. ಕೆಲಸದವರನ್ನು ಒದಗಿಸುವ ಗುತ್ತಿಗೆದಾರ, ವಿಮಾನ ಕಂಪನಿಯ ಒಬ್ಬ ಅಧಿಕಾರಿ, ನಿಲ್ದಾಣದ ಇನ್ನೊಬ್ಬ, ನಡುವೆ ಕಂಪನಿಯ ವಕೀಲ. ಐದು ಕುರ್ಚಿ ಖಾಲಿ ಇದ್ದವು. ಕೂರು ಎಂದು ಯಾರೂ ಅನ್ನಲಿಲ್ಲ. ಮೂಲೆಯಲ್ಲಿ ಮಾವ ನಿಂತಿದ್ದ, ಹಣೆಗೆ ಪಟ್ಟಿ. ಅವಳ ಮುಖ ನೋಡಲಿಲ್ಲ.

ವಕೀಲ ಒಳ್ಳೆಯ ಮಾತಿನವನು. ಮಕ್ಕಳಿಗೆ ಪಾಠ ಹೇಳುವ ಹಾಗೆ ಬಿಡಿಸಿ ಹೇಳಿದ. ದೇಶದೊಳಗಿನ ಪ್ರಯಾಣಕ್ಕೂ ಕಾನೂನು ಇದೆ. ಪ್ರಯಾಣಿಕರಿಗೆ ಪೆಟ್ಟಾದರೆ ಸಾಗಿಸುವವರು ಹೊಣೆ. ಹತ್ತುವಾಗ ಇಳಿಯುವಾಗ ಆದದ್ದೂ ಪ್ರಯಾಣದಲ್ಲೇ ಸೇರುತ್ತದೆ. ಮುದುಕಿಯ ಮಗ ದೂರು ಕೊಟ್ಟಿದ್ದಾನೆ.

"ಸಾಗಿಸುವವರು ಅಂದ್ರೆ ನಾವಾ ಸಾರ್?" ಗಾಲಿಯಕ್ಕ ಕೇಳಿದಳು.

ಅವನು ನಕ್ಕ. "ಅಲ್ಲಮ್ಮ. ಸಾಗಿಸುವವರು ಅಂದ್ರೆ ಕಂಪನಿ. ನೀವು ಕಂಪನಿಯ ಕೈ, ಅಷ್ಟೆ."

ಆಮೇಲೆ ಮುಂದಿನ ಪಾಠ. ಪೆಟ್ಟಾದವರದ್ದೇ ತಪ್ಪು ಸ್ವಲ್ಪ ಇದ್ದರೆ ಹೊಣೆಯನ್ನು ಹಂಚಬಹುದು. ಅಷ್ಟರಮಟ್ಟಿಗೆ ಕಂಪನಿಯ ಪಾಲು ಇಳಿಯುತ್ತದೆ. ಹಂಚಿಕೊಂಡರೆ ಎಲ್ಲರಿಗೂ ಹಗುರ. ಅವನು ಒಂದು ಕಾಗದ ಮುಂದೆ ತಳ್ಳಿದ. ಹೇಳಿಕೆ ಬರೆದೇ ಇಟ್ಟಿದ್ದರು. ಪ್ರಯಾಣಿಕರು ತಾವೇ ಬೆಲ್ಟ್ ಬಿಚ್ಚಿಕೊಂಡು ಆತುರದಿಂದ ಏಳಲು ಯತ್ನಿಸಿದರು. ಸಿಬ್ಬಂದಿ ತಡೆದರೂ ಕೇಳಲಿಲ್ಲ. ಕೆಳಗೆ ಮಾವನ ಸಹಿ ಆಗಿತ್ತು. ಅದರ ಪಕ್ಕ ಅವಳ ಹೆಸರು, ಹೆಸರಿನ ಮುಂದೆ ಖಾಲಿ ಗೆರೆ.

ಅವಳು ಎರಡು ಸಲ ಓದಿದಳು. ಬಕಲ್ಲು ಸವೆದಿತ್ತು, ದೂರಿನ ಪುಸ್ತಕದಲ್ಲಿ ಮೂರು ಸಲ ಬರೆದಿದ್ದೇನೆ, ತೆಗೆದು ನೋಡಿ ಎಂದಳು. ಸೂಪರ್‌ವೈಸರನನ್ನು ಕರೆಸಿದರು. ಅವನು ಪುಸ್ತಕ ತಂದ. ಹೊಸ ಪುಸ್ತಕ. ಮೊದಲ ಪುಟದ ತಾರೀಕು ಅಪಘಾತದ ಮಾರನೇ ದಿನದ್ದು. ಹಳೆಯದು ತುಂಬಿತ್ತು, ವಿಲೇವಾರಿಯಾಯಿತು ಎಂದ. ಹೇಳುವಾಗ ಅವನಿಗೆ ನಾಚಿಕೆಯೂ ಆಗಲಿಲ್ಲ, ಹೆದರಿಕೆಯೂ ಆಗಲಿಲ್ಲ.

ಗುತ್ತಿಗೆದಾರ ಮೆತ್ತಗೆ ಮಾತಾಡಿದ. ಸಹಿ ಹಾಕಿದರೆ ಅವಳಿಗೆ ಕೂತು ಮಾಡುವ ಕೆಲಸ ಕೊಡುತ್ತೇನೆ, ಚೀಟಿ ಹರಿದು ಕೊಡುವ ಕೆಲಸ, ಆ ಕೈಗೂ ಆಗುತ್ತದೆ ಎಂದ. ಕೂತು ಎಂಬ ಮಾತನ್ನು ಎರಡು ಸಲ ಹೇಳಿದ.

"ಆ ಅಮ್ಮ ಏಳಲಿಲ್ಲ ಸಾರ್."

"ನೀನು ಹಿಂದೆ ಇದ್ದೆ. ನಿನಗೆ ಹೇಗೆ ಗೊತ್ತು?" ಗುತ್ತಿಗೆದಾರ ಕೇಳಿದ.

"ಏಳೋಕೆ ಆಗಿದ್ರೆ ಅವರು ನಮ್ಮ ಕುರ್ಚೀಲಿ ಯಾಕೆ ಕೂರ್ತಿದ್ರು?"

ನಿಲ್ದಾಣದ ಅಧಿಕಾರಿ ತನ್ನ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. ಆಮೇಲೆ ವಕೀಲ, ಹೋಗಲಿ, ನಿಮ್ಮ ಇಷ್ಟ, ಆದರೆ ಅವರು ಏಳಲಿಲ್ಲ ಅಂದರೆ ನೀವು ಬಿಟ್ಟಿರಿ ಅಂತ ಆಗುತ್ತದೆ, ಮೂರನೇ ದಾರಿ ಇಲ್ಲ ಎಂದ.

"ಇದೆ ಸಾರ್. ಲಿಫ್ಟ್ ಗಾಡಿ ಕೆಟ್ಟಿತ್ತು. ಬೆಲ್ಟು ಕೆಟ್ಟಿತ್ತು. ಇವರು ಎತ್ತಿ ಅಂದ್ರು. ಅದನ್ನ ಬರೀರಿ, ಸಹಿ ಹಾಕ್ತೀನಿ."

ಅದನ್ನು ಯಾರೂ ಬರೆಯಲಿಲ್ಲ. ಅವಳು ಎಡಗೈಯಲ್ಲಿ ಕಾಗದವನ್ನು ಮೇಜಿನ ಆಚೆ ಬದಿಗೆ ತಳ್ಳಿದಳು. ಕೊರಳಿನ ಪಾಸು ಬಿಚ್ಚಿ ಕೊಡು ಎಂದು ಗುತ್ತಿಗೆದಾರ ಕೈ ಚಾಚಿದ. ಬಲಗೈ ಕೊರಳಿಗೆ ಹೋಗಲಿಲ್ಲ, ಒಂದೇ ಕೈಯಲ್ಲಿ ತೆಗೆಯಲು ಹೋಗಿ ಪಟ್ಟಿ ತುರುಬಿಗೆ ಸಿಕ್ಕಿಕೊಂಡಿತು. ಅವರು ಕಾಯುತ್ತಾ ಕೂತಿದ್ದರು. ಮಾವ ಮೂಲೆಯಿಂದ ಬಂದು ಬಿಡಿಸಿದ.

"ಬೈಯ್ಯೋದಾದ್ರೆ ಬೈದುಬಿಡು ತಾಯಿ" ಎಂದ, ಅವಳಿಗಷ್ಟೇ ಕೇಳುವ ಹಾಗೆ.

ಅವಳು ಬೈಯಲಿಲ್ಲ. ಅವನ ಸೊಂಟ, ಅವನ ಎರಡು ವರ್ಷ ಅವಳಿಗೆ ಗೊತ್ತಿತ್ತು.

ಗಂಡ ಮಾತ್ರ ಆ ದಿನ ಬಾಯಿಬಿಟ್ಟ. ಸಹಿ ಹಾಕಿದ್ದರೆ ಮುದುಕಿಯ ಮೂಳೆ ಇನ್ನೊಂದು ಸಲ ಮುರಿಯುತ್ತಿತ್ತೇ ಎಂದು ಕೇಳಿದ. ಹೌದು ಎಂದಳು. ಅವನು ಊಟದ ತಟ್ಟೆ ಎತ್ತಿಟ್ಟ. ಆಮೇಲೆ ಎಣ್ಣೆಯ ಸೀಸೆ ತೆಗೆದುಕೊಂಡು ಬಂದು ಅವಳ ಹಿಂದೆ ಕೂತ.

ನಾಲ್ಕು ತಿಂಗಳಾದ ಮೇಲೆ, ಮುದುಕಿಯ ಮಗನ ದೂರಿನ ವಿಚಾರಣೆಗೆ ಬರಬೇಕೆಂದು ಕೋರ್ಟಿನ ನೋಟೀಸು ಬಂತು. ಸಾಕ್ಷಿ ಎಂದು ಬರೆದಿತ್ತು. ಆ ಪದವನ್ನು ಮಗಳು ಜೋರಾಗಿ ಓದಿದಳು. ಗಾಲಿಯಕ್ಕ ಅಷ್ಟು ದಿನವೂ ಮನಸ್ಸಿನಲ್ಲೇ ಮೆಟ್ಟಿಲು ಇಳಿದಿದ್ದಳು. ಎಷ್ಟನೇ ಮೆಟ್ಟಿಲು, ಯಾವ ಕೈ, ಬಕಲ್ಲಿನ ಸದ್ದು, ಸೂಪರ್‌ವೈಸರ್ ಹೇಳಿದ ಮಾತು, ಎಲ್ಲ ಬಾಯಿಪಾಠವಾಗಿತ್ತು. ಒಂದು ಸಲ ಕೇಳಿದರೆ ಸಾಕು, ಉಳಿದದ್ದು ಏನಾದರೂ ಆಗಲಿ ಎಂದುಕೊಂಡು ಹೋದಳು.

ಕೋರ್ಟಿನ ಕಾರಿಡಾರಿನ ಬೆಂಚಿನಲ್ಲಿ ಮೂರು ಗಂಟೆ ಕೂತಳು. ಒಳಗೆ ಕರೆದಾಗ ಅವಳ ಮಾತು ಐದು ನಿಮಿಷವೂ ನಡೆಯಲಿಲ್ಲ. ವಿಚಾರಣೆ ನಡೆಸುತ್ತಿದ್ದ ಹೆಂಗಸು ಸೌಮ್ಯ ಮುಖದವರು. ಬೆಲ್ಟಿನ ವಿಷಯ ಶುರು ಮಾಡುವಷ್ಟರಲ್ಲಿ ಕಂಪನಿಯ ವಕೀಲ ಎದ್ದು ಒಂದು ಕಾಗದ ಕೊಟ್ಟ. ಮುದುಕಿಯ ಮಗ ಹಿಂದಿನ ವಾರವೇ ರಾಜಿಯಾಗಿದ್ದ. ತಾಯಿಯೇ ಆತುರಪಟ್ಟು ಎದ್ದಳೆಂದು ಬರೆದುಕೊಟ್ಟಿದ್ದ. ಆಸ್ಪತ್ರೆ ಅವನನ್ನು ಹಿಂಡಿತ್ತು, ಎರಡನೇ ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ಕಂಪನಿ ಅದರ ಖರ್ಚು ಕೊಡಲು ಒಪ್ಪಿತ್ತು. ಹೊಣೆಯೆಂದಲ್ಲ, ಮಾನವೀಯತೆಯಿಂದ ಎಂದು ಕಾಗದದಲ್ಲಿ ಎರಡು ಕಡೆ ಬರೆದಿತ್ತು.

ಆ ಹೆಂಗಸು ಅದನ್ನು ಗಟ್ಟಿಯಾಗಿ ಓದಿದರು. ಪೆಟ್ಟಾದದ್ದಕ್ಕೆ ಅರ್ಧ ಕಾರಣ ಪ್ರಯಾಣಿಕರ ಆತುರ. ಉಳಿದರ್ಧ, ಸಾಗಿಸುವಾಗ ಹಿಡಿತ ಬಿಟ್ಟ ಕೆಲಸಗಾರ್ತಿಯ ಅಜಾಗರೂಕತೆ. ಆಕೆಯನ್ನು ಈಗಾಗಲೇ ತೆಗೆದುಹಾಕಲಾಗಿದೆ. ವಿಮಾನ ಕಂಪನಿಯದು ಏನೂ ಇಲ್ಲ. ನಿಲ್ದಾಣದ್ದು ಏನೂ ಇಲ್ಲ. ಗುತ್ತಿಗೆದಾರನದು ಏನೂ ಇಲ್ಲ. ಒಂದು ಮಧ್ಯಾಹ್ನ ಆದ ಹಾನಿಯ ಹೊಣೆ ಸರಿಯಾಗಿ ಎರಡು ಪಾಲಾಗಿತ್ತು. ಬಿದ್ದವಳಿಗೆ ಒಂದು, ಎತ್ತಿದವಳಿಗೆ ಒಂದು.

"ನನ್ನ ಹೇಳಿಕೆ ಬರ್ಕೊಳ್ಳಿ ಮೇಡಂ" ಎಂದಳು ಗಾಲಿಯಕ್ಕ.

ದೂರು ಕೊಟ್ಟವರೇ ಒಪ್ಪಿದ ಮೇಲೆ ಸಾಕ್ಷಿಯ ಅಗತ್ಯ ಬರುವುದಿಲ್ಲ ಎಂದು ಅವರು ಹೇಳಿದರು. ಹೇಳುವಾಗ ಅವರಿಗೂ ಕಷ್ಟವಾಯಿತು, ಅದು ಕಾಣುತ್ತಿತ್ತು.

"ನನ್ನ ಭುಜ?"

"ನೀವು ಪ್ರಯಾಣಿಕರಲ್ಲ. ಅದು ಈ ಕಾನೂನಿನಲ್ಲಿ ಬರೋದಿಲ್ಲ. ಬೇರೆ ಕಡೆ ಹಾಕ್ಬೇಕು."

ಬೇರೆ ಕಡೆ, ಕಾರ್ಮಿಕ ಇಲಾಖೆಗೆ, ಅವಳು ಆಗಲೇ ಹೋಗಿ ಬಂದಿದ್ದಳು. ತಪ್ಪು ಕೆಲಸಗಾರ್ತಿಯದ್ದೋ ಅಲ್ಲವೋ ಇಲ್ಲಿ ತೀರ್ಮಾನವಾಗಲಿ ಎಂದು ಅಲ್ಲಿಯವರು ಕಳಿಸಿದ್ದರು.

ಅವಳು ಅಲ್ಲಾಡದೆ ನಿಂತಳು. ಹೊರಗೆ ನಡೀರಿ ಎಂದು ಜವಾನ ಹೇಳಿದ. ಅವಳು ನಿಂತೇ ಮಾತು ಶುರುಮಾಡಿದಳು. ಲಿಫ್ಟ್ ಗಾಡಿ ಕೆಟ್ಟು ಒಂಬತ್ತು ದಿನ. ಬೆಲ್ಟಿನ ದೂರು ಮೂರು ಸಲ. ಏಳನೇ ಮೆಟ್ಟಿಲು. ಯಾರೂ ಬರೆದುಕೊಳ್ಳಲಿಲ್ಲ. ಮುಂದಿನ ಪ್ರಕರಣದ ವಕೀಲರು ಕಡತ ಹರಡತೊಡಗಿದರು. ಅವಳು ಕೊನೆಯವರೆಗೂ ಹೇಳಿದಳು, ಸೀರೆ ಎಳೆದದ್ದನ್ನೂ ಹೇಳಿದಳು. ಜವಾನ ಅವಳ ತೋಳು ಹಿಡಿದು ಎಳೆದ. ಹಿಡಿದದ್ದು ಬಲತೋಳು. ಅವಳಿಗೆ ಕಣ್ಣು ಕತ್ತಲೆ ಬಂತು.

ಹೊರಗೆ ಗೋಡೆ ಹಿಡಿದು ನಿಂತಾಗ ಅವಳಿಗೆ ಒಂದೇ ಯೋಚನೆ. ಆ ಅಮ್ಮನಿಗಾದರೂ ಹೇಳಬೇಕು.

ವಿಳಾಸ ನೋಟೀಸಿನಲ್ಲೇ ಇತ್ತು. ಎರಡನೇ ಆಪರೇಷನ್ನು ಮುಗಿದು ಮುದುಕಿ ಮನೆಗೆ ಬಂದಿರಬಹುದಾದಷ್ಟು ದಿನ ಬಿಟ್ಟು, ಒಂದು ಬೆಳಿಗ್ಗೆ ಹೋದಳು. ಅಂಗಡಿ ಸಾಲಿನ ಹಿಂದೆ, ಮಾಳಿಗೆ ಮೇಲೆ ಎರಡು ಕೋಣೆ. ಸೊಸೆ ಕೆಲಸಕ್ಕೆ ಹೋಗಿದ್ದಳು. ಮಗ ಔಷಧಿ ತರಲು ಹೋಗಿದ್ದ, ಬಾಗಿಲು ಮುಂದಕ್ಕೆ ಎಳೆದಿತ್ತು. ಹೊಲಿಗೆ ಮೆಷಿನ್ನಿನ ಮೇಲೆ ಗುಳಿಗೆಗಳ ಡಬ್ಬಿಗಳು. ಕಿಟಕಿಯ ಪಕ್ಕದ ಮಂಚದಲ್ಲಿ ಮುದುಕಿ ಅರ್ಧವಾಗಿಹೋಗಿದ್ದಳು. ಗಾಲಿಯಕ್ಕನ ಮುಖ ಅವಳಿಗೆ ಗುರುತು ಹತ್ತಲಿಲ್ಲ. ಆ ದಿನ ಅವಳು ನೋಡಿದ್ದು ಕಾಲರಿನ ಹೊಲಿಗೆ, ಆಮೇಲೆ ತಳ್ಳುವವರು ಯಾವಾಗಲೂ ಹಿಂದೆ ಇರುತ್ತಾರೆ. ಹೇಗಿದ್ದೀರಮ್ಮ ಎಂದಾಗ ಧ್ವನಿ ಹತ್ತಿತು.

ಮುದುಕಿ ಕೈ ಚಾಚಿದಳು. "ನಿನ್ನ ಕೆಲಸ ಹೋಯ್ತಂತೆ ಮಗಳೇ. ನನ್ನ ಆತುರದಿಂದ. ನಾನು ಏಳಬಾರದಿತ್ತು."

"ನೀವು ಏಳಲಿಲ್ಲಮ್ಮ."

"ಎದ್ದೆ ಅಂತಾರೆ ಎಲ್ಲರೂ. ನಂಗೆ ಕಣ್ಣು ಮುಚ್ಚಿದ್ದು ನೆನಪು, ಬಿದ್ದದ್ದು ನೆನಪು. ನಡುವೆ ಎದ್ದಿರ್ಬೇಕು."

ಗಾಲಿಯಕ್ಕ ಮಂಚದ ಪಕ್ಕ ನೆಲದ ಮೇಲೆ ಕೂತಳು. ಕೋರ್ಟಿನಲ್ಲಿ ಯಾರೂ ಬರೆದುಕೊಳ್ಳದ ಮಾತನ್ನು ಮೊದಲಿಂದ ಹೇಳಿದಳು. ಮುದುಕಿ ನಡುವೆ ಬಾಯಿ ಹಾಕದೆ ಕೇಳಿದಳು. ಬಕಲ್ಲಿನ ಸದ್ದಿನ ವಿಷಯ ಬಂದಾಗ ಅವಳ ತುಟಿ ಅಲುಗಿತು. ಆ ಸದ್ದು ಅವಳಿಗೂ ಕೇಳಿಸಿತ್ತು.

ಮುದುಕಿ ಕಿಟಕಿಯ ಕಡೆ ತಿರುಗಿದಳು. ಆಮೇಲೆ ಕೇಳಿದಳು, "ಹಾಗಾದ್ರೆ ನನ್ನ ಮಗ ಸುಳ್ಳು ಬರ್ಕೊಟ್ನಾ?"

"ಅವರು ಬರೆಸ್ಕೊಂಡ್ರು ಅಮ್ಮ."

"ಬರೆದದ್ದು ಅವನೇ ತಾನೆ."

ಮುದುಕಿ ಗಾಲಿಯಕ್ಕನ ಕೈ ಹಿಡಿದುಕೊಂಡಳು.

"ನೋಡು ಮಗಳೇ. ಬೆಳಿಗ್ಗೆ ಎದ್ದರೆ ನನ್ನ ಮಲಮೂತ್ರ ತೆಗೆಯೋನು ಅವನು. ಎತ್ತಿ ಕೂರಿಸೋನು, ಒರೆಸೋನು, ತುತ್ತು ಹಾಕೋನು, ಎಲ್ಲ ಅವನೇ. ನನ್ನ ಮುಖ ನೋಡೋಕೆ ಅವನಿಗೆ ಆಗ್ತಿಲ್ಲ, ಯಾಕೆ ಅಂತ ನಂಗೆ ಈಗ ಗೊತ್ತಾಯ್ತು." ಉಸಿರು ಎಳೆದುಕೊಂಡಳು. "ನಾನೇ ಎದ್ದೆ ಅಂತಲೇ ಇರ್ಲಿ. ನೀನು ಇನ್ನು ಬರ್ಬೇಡ."

ಹೇಳಿದ ಮೇಲೂ ಅವಳು ಹಿಡಿದ ಕೈ ಬಿಡಲಿಲ್ಲ. ಹೊಲಿದು ಹೊಲಿದು ಬೆರಳ ತುದಿಗಳು ಮೊಂಡಾಗಿದ್ದವು. ಗಾಲಿಯಕ್ಕನೇ ಒಂದೊಂದಾಗಿ ಬಿಡಿಸಿಕೊಂಡಳು. ಹೊದಿಕೆ ಜಾರಿತ್ತು, ಎಡಗೈಯಲ್ಲಿ ಮೇಲಕ್ಕೆಳೆದಳು. ಬಾಗಿಲು ಮುಂಚೆ ಇದ್ದಷ್ಟೇ ಎಳೆದು ಹೊರಬಂದಳು.

ಮೆಟ್ಟಿಲಲ್ಲಿ ಅರ್ಧ ಇಳಿದಾಗ ಕೆಳಗಿನಿಂದ ಒಬ್ಬ ಗಂಡಸು ಹತ್ತಿ ಬರುತ್ತಿದ್ದ. ಒಂದು ಕೈಯಲ್ಲಿ ಔಷಧಿಯ ಚೀಲ, ಇನ್ನೊಂದು ಕಂಕುಳಲ್ಲಿ ದೊಡ್ಡವರಿಗೆ ಕಟ್ಟುವ ಡೈಪರಿನ ಕಟ್ಟು. ವಾರದ ಗಡ್ಡ. ಮೂಗು ಮುದುಕಿಯದೇ. ಅವನು ನಿಂತು, ಯಾರು ಬೇಕಿತ್ತು ಎಂದು ಕೇಳಿದ.

ಅವಳು ಅವನನ್ನು ನೋಡಿದಳು. ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು.

"ಯಾರೂ ಇಲ್ಲಪ್ಪ. ಮನೆ ತಪ್ಪಿತು."

ಅವನು ಗೋಡೆಗೆ ಸರಿದು ದಾರಿ ಬಿಟ್ಟ.